ಚಿಗವ್ವ ಕಾಕಾನನ್ನು ಹೊಡೆದ ಸುದ್ದಿ

ಮೊನ್ನೆ ಬೆಳಗ್ಗೆ ಪಕ್ಕದ ಮನೆಯಲ್ಲಿ ಅಗಸಿ ಹುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದರೆ ನಮ್ಮ ಕಡೆಯವರಿಗೆ ಯಾರಿಗಾದರೂ ಖಡಕ್ ರೊಟ್ಟಿ, ಚಟ್ನಿ ನೆನಪಾಗಬೇಕು. ನನಗೆ ನೆನಪಾಗುವುದು ಹಾಕಿ ಆಟ. ನಗಬೇಡಿ. ಬೆಟಗೇರಿಯ ನಮ್ಮ ಮನೆಯಲ್ಲಿ ಅಗಸಿ ಎಣ್ಣೆಯನ್ನೆಲ್ಲ ಹಾಕಿ ಆಟದ ಕೋಲುಗಳೇ ಕುಡಿಯುತ್ತಿದ್ದವು. ಕೋಲು ಬಿರಿಯಬಾರದೆಂದು ನಮ್ಮ ಶಿವಪ್ಪ ಕಾಕಾ ವಾರಕ್ಕೊಮ್ಮೆ ಎಣ್ಣೆ ಸವರಿ ಬಿಸಿಲಿಗೆ ಒರಗಿಸುತ್ತಿದ್ದ. ಎಳೆಗೂಸಿಗೂ ನಾವು ಅಷ್ಟು ಎಣ್ಣೆ ಹಚ್ಚುತ್ತಿರಲಿಲ್ಲ.

ಕಾಕಾ ನೇಕಾರರ ಮಗ. ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತು, ಮೆಟ್ಟುಹಲಗೆ ತುಳಿಯುತ್ತ ಸೀರೆ ನೇಯುವ ಮಗ್ಗ ನಮ್ಮದು. ಹನ್ನೆರಡು ವರ್ಷದವನಿದ್ದಾಗಿನಿಂದ ತುಳಿದೂ ತುಳಿದೂ ಅವನ ಕಾಲುಗಳು ಎಷ್ಟು ಚುರುಕಾಗಿದ್ದವೆಂದರೆ, ಬಯಲಿನಲ್ಲಿ ಹುಡುಗರು ಅವನನ್ನು ಗೋಲಿಗೆ ನಿಲ್ಲಿಸಿದ ದಿನವೇ ಚೆಂಡು ಒಳಗೆ ಹೋಗುವುದು ನಿಂತಿತಂತೆ. ಸ್ವಾತಂತ್ರ್ಯ ಬರುವುದಕ್ಕೆ ಮೊದಲು ಲಕ್ಷ್ಮೇಶ್ವರ, ಶಿರಹಟ್ಟಿಗಳೆಲ್ಲ ಬೇರೆ ಬೇರೆ ಸಂಸ್ಥಾನಿಕರ ಸೀಮೆ. ಅಲ್ಲಿಗೆ ಆಡಲು ಹೋಗಿಬಂದ ಕಾಕಾ, "ಹದಿನಾರಕ್ಕ ನಾ ಎರಡು ಪರದೇಶ ಆಡಿ ಬಂದೀನಿ" ಎಂದು ಸಾಯುವತನಕ ಹೇಳಿಕೊಂಡ.

ಆಟ ನೋಡಿ ರೈಲ್ವೆಯವರು ಅವನನ್ನು ಕರೆದು ಕೆಲಸ ಕೊಟ್ಟರು. ಹೆಸರಿಗೆ ಖಲಾಸಿ, ಕೆಲಸವೆಂದರೆ ತಂಡದ ಗೋಲು ಕಾಯುವುದು. ಆದರೆ ಅದು ಹಂಗಾಮಿ ನೌಕರಿ. ನಮ್ಮ ಆಯಿಗೆ, ಎಂದರೆ ಕಾಕಾನ ಅವ್ವನಿಗೆ, ಇದು ತಲೆಗೇ ಹೋಗಲಿಲ್ಲ. "ನೇಯೂ ಮಗಾ ಹೋಗಿ ಚಂಡಿಗೆ ಅಡ್ಡ ನಿಂತರ ಪಗಾರ ಕೊಡ್ತಾರಂತ. ಎಂಥಾ ಸರಕಾರವಾ ಇದು!" ಎನ್ನುತ್ತಿದ್ದಳು.

ಇಂಥವನಿಗೆ ಹಮ್ಮಿಗಿಯಿಂದ ನೀಲವ್ವ ಹೆಂಡತಿಯಾಗಿ ಬಂದಳು, ನನಗೆ ಚಿಗವ್ವ. ಅವಳ ತಂದೆ ಮಗ್ಗ ಬಿಟ್ಟು ಹೊಳೆದಂಡೆಯಲ್ಲಿ ಹೊಲ ಹಿಡಿದವರು. ಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಹಕ್ಕಿ ಓಡಿಸಿ ಬೆಳೆದ ಹುಡುಗಿ. ತೋಳು ನೋಡಿದರೆ ಗೊತ್ತಾಗುತ್ತಿತ್ತು. ಬಂದ ವಾರದಲ್ಲೇ ಕಾಕಾನ ಕಾಲಿಗೆ ಕಟ್ಟುವ ಗಾದಿ ಬಿಚ್ಚಿ, ಮಗ್ಗದ ನೂಲಿನ ಚಿಂದಿಯನ್ನು ದಟ್ಟವಾಗಿ ತುಂಬಿ, ಮತ್ತೆ ಹೊಲಿದಿಟ್ಟಳು.

ಅದೇ ಹೊತ್ತಿಗೆ ಕಾಕಾನ ದೆಸೆ ಕೆಟ್ಟಿತು. ಹುಬ್ಬಳ್ಳಿಯ ಒಂದು ಆಟದಲ್ಲಿ ಮೂರು ಗೋಲು ಬಿಟ್ಟ; ಮೂರೂ ಎಡಕ್ಕೆ. "ಜರಡಿ ಹಿಡಕೊಂಡು ನಿಂತಿದ್ದೇನಪಾ?" ಎಂದಳು ಆಯಿ. ಸಾಹೇಬರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಸೊಲ್ಲಾಪುರದ ಗಿರಣಿ ತಂಡ ಗದಗಿಗೆ ಬರಲಿದೆ, ಅದರಲ್ಲಿ ಚೆನ್ನಾಗಿ ಆಡಿದರೆ ಕಾಯಂ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದಷ್ಟೇ ಹೇಳಿದರು. ಕಾಕಾ ಎರಡು ದಿನ ಅನ್ನ ಮುಟ್ಟಲಿಲ್ಲ. ಮಗ್ಗದ ತಗ್ಗಿನಲ್ಲಿ ಸುಮ್ಮನೆ ಕಾಲು ಬಿಟ್ಟುಕೊಂಡು ಕುಳಿತಿರುತ್ತಿದ್ದ.

ಮೂರನೆಯ ಬೆಳಗ್ಗೆ ಚಿಗವ್ವ ಹಿತ್ತಲಿಗೆ ಹೋಗಿ ಎರಡು ಕಲ್ಲು ನೆಟ್ಟು, "ಬರ್ರಿ, ನಿಂದರ್ರಿ. ನಾ ಹೊಡೀತೀನಿ" ಎಂದಳು. ಕಾಕಾ ನಕ್ಕ. ಮೊದಲ ಚೆಂಡಿಗೇ ನಗು ನಿಂತಿತು. ಮೊದಮೊದಲು ಕೈಯಿಂದ ಎಸೆದಳು. ನಾಲ್ಕೇ ದಿನಕ್ಕೆ ಸೀರೆಯ ಕಚ್ಚೆ ಬಿಗಿದು ಕೋಲಿನಿಂದಲೇ ಹೊಡೆಯತೊಡಗಿದಳು. ಚೆಂಡು ಆಯ್ದು ತರುವ ಹುದ್ದೆ, ಹತ್ತು ವರ್ಷದ ಹುಡುಗಿಯಾದ ನನ್ನದು. ಅದೂ ಹಂಗಾಮಿ.

ಒಂದು ದಿನ ಎಡಕ್ಕೆ ಹೊಡೆದದ್ದೆಲ್ಲ ಒಳಹೋಯಿತು. ಚಿಗವ್ವ ಕೋಲೂರಿ ನಿಂತಳು.

"ಒಂದು ಮಾತು ಹೇಳಲೇನ್ರಿ? ಸಿಟ್ಟಾಗಬ್ಯಾಡ್ರಿ."

"ಹೇಳು."

"ನೀವು ಹೊಡಿಯೋರ ಕೈ ನೋಡ್ತೀರಿ. ಚಂಡು ನೋಡಂಗಿಲ್ಲ. ನಾ ಕವಣಿ ಬೀಸಿದಾಗ ಹಕ್ಕಿ ನನ್ನ ಕೈ ನೋಡತಿದ್ದಿಲ್ಲ, ಕಲ್ಲು ನೋಡತಿತ್ತು. ಅದಕ ತಪ್ಪಿಸ್ಕೊಂತಿತ್ತು."

"ಅಂದ್ರ ನನಗ ಹಕ್ಕಿಯಷ್ಟೂ ಬುದ್ಧಿ ಇಲ್ಲ ಅಂತೀಯೇನು?"

"ನಾ ಹಂಗ ಅಂದಿಲ್ಲ. ಸಿಟ್ಟಾಗಬ್ಯಾಡ್ರಿ ಅಂದೀನಿ."

ಕಾಕಾ ಸಿಟ್ಟಾದ. ಗಾದಿ ಬಿಚ್ಚಿ ಬಿಸಾಡಿ ಒಳಗೆ ಹೋದ. ಮರುದಿನ ಮಾತ್ರ ಕರೆಯುವ ಮೊದಲೇ ಕಲ್ಲುಗಳ ನಡುವೆ ನಿಂತಿದ್ದ.

ಈಗ ಓಣಿಯ ಕಥೆ ಕೇಳಿ. ನಮ್ಮ ಹಿತ್ತಲಿನ ಗೋಡೆಯಾಚೆ ಗಂಗವ್ವನ ಮನೆ. ದಿನಾ ಬೆಳಗ್ಗೆ ಅವಳಿಗೆ ಕೇಳಿಸುತ್ತಿದ್ದುದು ಇಷ್ಟು: ಧಪ್, ಧಪ್, "ಅಯ್ಯಯ್ಯೋ, ಸಾವಕಾಶ ಹೊಡಿಯ ನೀಲಾ", "ಸರಿಯಾಗಿ ನಿಂದರ್ರಿ ಮತ್ತ", ಧಪ್. ವಾರದೊಳಗೆ ಬೆಟಗೇರಿಗೆಲ್ಲ ಖಬರ ಮುಟ್ಟಿತು: ಶಿವಪ್ಪನ ಹೊಸ ಹೆಂಡತಿ ಗಂಡನಿಗೆ ಕೋಲಿನಿಂದ ಹೊಡೆಯುತ್ತಾಳೆ!

ನಾಲ್ಕು ಜನ ಹಿರಿಯರು ರುಮಾಲು ಸುತ್ತಿಕೊಂಡು ಬುದ್ಧಿ ಹೇಳಲು ಬಂದೇಬಿಟ್ಟರು. ನೆಲ ನೋಡುತ್ತ, "ಖರೆ ಏನವಾ, ನಿನ್ನ ಸೊಸಿ ಹೊಡೀತಾಳಂತ?" ಎಂದು ಆಯಿಯನ್ನು ಕೇಳಿದರು. ಚಿಗವ್ವ ಬಾಗಿಲ ಹಿಂದೆ ಸರಿದಳು. ಹಿತ್ತಲಿನ ಈ ಆಟವನ್ನು ಆಯಿ ಅಲ್ಲಿಯವರೆಗೆ ನೋಡಿಯೂ ನೋಡದಂತಿದ್ದವಳು. ಇವತ್ತು ಹಾಕಿಯ ಋಣವೇ ಹರಿಯಿತು ಅಂದುಕೊಂಡೆ ನಾನು.

"ಹೌದು, ಹೊಡೀತಾಳ. ಹೊಡಿ ಅಂತ ನಾನ ಹೇಳೀನಿ. ಇನ್ನೂ ಜೋರ ಹೊಡೀಬೇಕಾಗಿತ್ತು. ಬರ್ರಿ, ಹಿತ್ತಲದಾಗ ಕುಂಡ್ರಿ, ನೋಡೀರಂತ" ಎಂದಳು ಆಯಿ.

ಹಿರಿಯರು ಕುಳಿತರು. ಹತ್ತು ಹೊಡೆತಕ್ಕೆ ಒಂಬತ್ತನ್ನು ಕಾಕಾ ತಡೆದ. ಹುರುಪಿಗೆ ಬಂದ ಒಬ್ಬರು ತಾವೂ ಕೋಲು ಬೀಸಿ, ಚೆಂಡು ಬಿಟ್ಟು ಗಾಳಿಯನ್ನು ಹೊಡೆದು, ರುಮಾಲು ಒಂದು ಕಡೆ ತಾವೊಂದು ಕಡೆ ಬಿದ್ದರು. ಚಹಾ ಕುಡಿದು ಹೋಗುವಾಗ, "ಎಡಕ್ಕ ಇನ್ನಷ್ಟ ಹೊಡಿ ತಂಗಿ" ಎಂದು ಅವರೇ ಹೇಳಿ ಹೋದರು.

ಆಟ ನಡೆದದ್ದು ಏಕೀಕರಣವಾದ ಕೆಲವೇ ದಿನಗಳಿಗೆ. ಹಬ್ಬದ ತಳಿರು ಒಣಗಿ ಬಾಗಿಲುಗಳಲ್ಲಿ ಇನ್ನೂ ತೂಗುತ್ತಿತ್ತು. "ಹ್ವಾದ ತಿಂಗಳ ಸೊಲ್ಲಾಪುರದವರೂ ನಾವೂ ಒಂದ ರಾಜ್ಯ. ಈಗ ಅವರು ಬ್ಯಾರೆ ಆದ್ರು. ಇನ್ನ ಅವರಿಗೆ ಸೋತರ ಮರ್ಯಾದಿ ಉಳಿಯಂಗಿಲ್ಲ" ಎಂದ ಆಯಿ ತಾನೇ ಚಕ್ಕಡಿ ಹೂಡಿಸಿದಳು. ಹೆಂಗಸರು ಮೈದಾನಕ್ಕೆ ಹೋಗುವ ಕಾಲವಲ್ಲ. ದೂರದ ಬೇವಿನ ಮರದಡಿ ಚಕ್ಕಡಿ ನಿಂತಿತು. ಅದರಲ್ಲಿ ಆಯಿ, ಚಿಗವ್ವ, ನಾನು, ಹಟ ಹಿಡಿದು ಬಂದ ಗಂಗವ್ವ.

ನಮ್ಮವರು ಒಂದು ಗೋಲು ಮುಂದಿದ್ದರು. ಆಟ ಮುಗಿಯುವ ಹೊತ್ತಿಗೆ ಸೊಲ್ಲಾಪುರದ ಎತ್ತರದ ಆಟಗಾರನೊಬ್ಬ ಎಲ್ಲರನ್ನೂ ದಾಟಿ ಒಬ್ಬನೇ ನುಗ್ಗಿದ. ಮೈದಾನವೆಲ್ಲ ಎದ್ದು ನಿಂತಿತು. ಅವನು ಎಡಕ್ಕೆ ಹೊಡೆದ. ಕಾಕಾ ಎಡಗಾಲು ಚಾಚಿ ತಡೆದ. ಆಟ ಮುಗಿದ ಸೀಟಿ ಕೇಳಿಸಿತು. ಗಂಗವ್ವ ಚಕ್ಕಡಿಯಲ್ಲೇ ಕುಣಿದಳು. ಆಯಿ ಮಾತ್ರ, "ಆತು, ಇನ್ನ ಎತ್ತ ಹೂಡ್ರಿ, ರೊಟ್ಟಿ ಆಗಬೇಕು" ಎಂದು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾಕಾನ ನೌಕರಿ ಕಾಯಂ ಆಯಿತು. ಮುಂದೆ ಹನ್ನೊಂದು ವರ್ಷ ಆಡಿದ. ರೈಲು ಮುಟ್ಟುವ ಊರುಗಳನ್ನೆಲ್ಲ ಮುಟ್ಟಿಬಂದ. ಮೊಣಕಾಲು ಸೋತಾಗ ಕೋಲು ಕೆಳಗಿಟ್ಟು, ಸ್ಟೇಷನ್ನಿನಲ್ಲಿ ಹಸಿರು ಬಾವುಟ ಹಿಡಿದ. ದುಃಖಪಟ್ಟದ್ದನ್ನು ನಾನು ಕಾಣೆ.

ಆ ಕೊನೆಯ ಹೊಡೆತವನ್ನು ನಾನು ಇಷ್ಟು ವರ್ಷ ಕಂಡಕಂಡವರಿಗೆ ಬಣ್ಣಿಸಿದ್ದೇನೆ. ಇಂದು ಬರೆಯಲು ಕುಳಿತಾಗ ಒಪ್ಪಿಕೊಳ್ಳಬೇಕೆನಿಸಿತು: ನಾನದನ್ನು ನೋಡಲೇ ಇಲ್ಲ. ಆ ಕ್ಷಣಕ್ಕೆ ಸರಿಯಾಗಿ ಚಿಗವ್ವನ ಎಡಗಾಲು ಸೀರೆಯೊಳಗಿಂದ ಚಿಮ್ಮಿ ನನ್ನ ಕಣಕಾಲಿಗೆ ಬಡಿದಿತ್ತು. ನಾನು ಕಾಲು ಹಿಡಿದುಕೊಂಡು ಅಳುತ್ತಿದ್ದೆ. ಬಣ್ಣನೆಯೆಲ್ಲ ಗಂಗವ್ವನಿಂದ ಎರವಲು ತಂದದ್ದು.

ಕಣ್ಣಾರೆ ಕಂಡವರಿಂದಲೇ ಕೇಳಿ ಸರಿಮಾಡಿ ಬರೆಯೋಣವೆಂದು ಮುಂಡರಗಿಗೆ ಫೋನು ಹಚ್ಚಿದೆ. ಚಿಗವ್ವನಿಗೀಗ ತೊಂಬತ್ತರ ಸಮೀಪ, ಮಗಳ ಮನೆಯಲ್ಲಿದ್ದಾಳೆ.

"ಚಿಗವ್ವ, ಆ ಸೊಲ್ಲಾಪುರದವನ ಚಂಡು ಖರೆ ಹೆಂಗ ಬಂತ? ನೆಲಾ ಹಿಡದು ಬಂತೋ, ಎತ್ತರ ಬಂತೋ?"

ಆ ಕಡೆಯಿಂದ ನಗು ಕೇಳಿಸಿತು, ಹಮ್ಮಿಗಿಯ ಹುಡುಗಿಯ ನಗು.

"ನನಗೇನ ಗೊತ್ತವಾ? ಅಂಜಿಕಿ ಬಂದು ನಾ ಕಣ್ಣ ಮುಚ್ಚಿದ್ನಿ!"