ಮೊಣಕಾಲು ನೀರಿನಲ್ಲಿ ನಾನು ಮುಳುಗಿಸಿದ ಮನುಷ್ಯ

ಹೋದ ತಿಂಗಳು ನಾನೊಬ್ಬ ಮನುಷ್ಯನನ್ನು ಕೊಂದೆ. ಕದ್ದುಮುಚ್ಚಿ ಅಲ್ಲ, ಇದೇ ಅಂಕಣದಲ್ಲಿ, ನಿಮ್ಮೆಲ್ಲರ ಕಣ್ಣೆದುರಿಗೆ. ನಿಮ್ಮಲ್ಲಿ ಕೆಲವರು ಕಾಗದ ಬರೆದು, ‘ಮಾಸ್ತರ್ರೇ, ಕಣ್ಣಲ್ಲಿ ನೀರು ತರಿಸಿದಿರಿ’ ಎಂದು ಬೆನ್ನು ತಟ್ಟಿದಿರಿ. ಆ ಕಾಗದಗಳನ್ನು ಎರಡೆರಡು ಸಲ ಓದಿದೆ. (ಸುಳ್ಳೇಕೆ? ಮೂರು ಸಲ.)

ಯಾರನ್ನು ಕೊಂದದ್ದೆಂದು ನೆನಪಾಯಿತಲ್ಲ? ನಮ್ಮ ಶಂಭುವನ್ನು.

ಆ ಬರಹ ತಪ್ಪಿಸಿಕೊಂಡವರಿಗೆ ಹೇಳುತ್ತೇನೆ. ಶಂಭು ನನ್ನ ಜೊತೆ ಕನ್ನಡ ಶಾಲೆಯ ಮಣೆಯ ಮೇಲೆ ಕುಳಿತವನು, ಸಿದ್ದಾಪುರ ಸೀಮೆಯ ಬಿಳಗಿ ಕಡೆಯವನು. ಮುಂಬಯಿಗೆ ಕಾಲೇಜು ಓದಲು ಹೋದವನು ಡಿಗ್ರಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಂದ: ಒಂದು ಬೈಸಿಕಲ್ಲು, ಗ್ರಾಮಾಫೋನು ಇಲ್ಲದ ಬರೀ ಅದರ ಕಹಳೆ, ಮತ್ತು ಅರ್ಧ ಮೀಸೆ. ಅರ್ಧ ಎಂದರೆ ನಿಜಕ್ಕೂ ಅರ್ಧ, ಎಡಗಡೆಯದ್ದು ಮಾತ್ರ. ‘ಇನ್ನರ್ಧ ಎಲ್ಲೋ?’ ಎಂದು ಕೇಳಿದರೆ, ‘ನಿಂಗ ಕೇಳ್ಲಿ ಹೇಳಿಯೇ ತೆಗ್ಸಿದ್ದು’ ಎನ್ನುತ್ತಿದ್ದ. ದೇವಿಮನೆ ಘಟ್ಟವನ್ನು ಬೈಸಿಕಲ್ಲಿನ ಮೇಲೆ ಹಿಂದುಮುಂದಾಗಿ ಕುಳಿತು ಇಳಿದ. ಕೈ ಮುರಿಯಿತು. ಪಟ್ಟಿ ಬಿಚ್ಚಿದ ವಾರವೇ ಮತ್ತೆ ಇಳಿದ.

ಕವಿತೆಯನ್ನೂ ಕಟ್ಟುತ್ತಿದ್ದ. ಕಾಗದದ ಮೇಲಲ್ಲ. ನೆಂಟರ ಮದುವೆಯೊಂದರಲ್ಲಿ ಒಂದು ಪಂಕ್ತಿಯ ಬಾಳೆಲೆಗಳಿಗೆಲ್ಲ ಅರಿಶಿನ ನೀರಿನಲ್ಲಿ ಒಂದೊಂದು ಸಾಲು ಬರೆದಿಟ್ಟ. ಮೊದಲನೆಯ ಎಲೆಯಿಂದ ಓದುತ್ತ ಹೋದರೆ ಕವಿತೆ. ಓದುವವರು ಯಾರು? ಅನ್ನ ಬಿತ್ತು, ಸಾರು ಬಿತ್ತು, ಕವಿತೆ ಹೋಯಿತು. ಮದುಮಗನ ಸೋದರಮಾವನ ಎಲೆಗೆ ‘ನಾನೂ ಹಸಿದಿದ್ದೇನೆ ಎಂದಿತು ಹುಳು’ ಎಂಬ ಸಾಲು ಬಂದಿತ್ತು. ಅವರೊಬ್ಬರು ಓದಿದರು. ಉಣ್ಣದೆ ಎದ್ದರು.

‘ಮಂಡೆ ಸಮ ಇಲ್ಲೆ’ ಎಂದಿತು ಊರು. ನಕ್ಕಿತು, ಬೈಯಿತು, ಮರೆಯಿತು.

ಏಳು ವರ್ಷದ ಹಿಂದೆ ಯಲ್ಲಾಪುರದಿಂದ ಶಿರಸಿಗೆ ಮೋಟಾರಿನಲ್ಲಿ ಬರುತ್ತಿದ್ದ ಶಂಭು ಬೇಡ್ತಿ ಹೊಳೆಯ ಹತ್ತಿರ ಇಳಿದ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಆ ಕಹಳೆ. ‘ನೀವು ನಡೀರಿ, ನಾನು ಹೊಳೆಗುಂಟ ಬರ್ತೇನೆ’ ಎಂದು ಡ್ರೈವರಿಗೆ ಹೇಳಿ ಕಾಡಿಗೆ ಹೊಕ್ಕ. ಅಷ್ಟೇ. ಆಫ್ರಿಕಾದ ಹಡಗು ಹತ್ತಿದ ಎಂದವರುಂಟು, ಬೇರೆ ಹೆಸರಿನಲ್ಲಿ ಜೈಲಿನಲ್ಲಿದ್ದಾನೆ ಎಂದವರುಂಟು. ಕಂಡವರು ಮಾತ್ರ ಇಲ್ಲ.

ಇಷ್ಟು ನಿಜ. ಆ ಬರಹದಲ್ಲಿ ಇದರಾಚೆಗಿದ್ದದ್ದೆಲ್ಲ ನನ್ನದು.

‘ಮತ್ತೆ ಅವನನ್ನು ಕಂಡವರಿಲ್ಲ’ ಎಂದು ಮುಗಿಸಿದರೆ ಬರಹ ಯಾಕೋ ಒಗ್ಗರಣೆ ಬೀಳದ ಸಾರಿನ ಹಾಗೆ ಕಂಡಿತು. ಹಾಗಾಗಿ ಹೊಳೆಗೆ ಪ್ರವಾಹ ತಂದೆ. ಶಂಭುವನ್ನು ಅದರಲ್ಲಿ ಇಳಿಸಿದೆ. ಕೊಡೆಯನ್ನು ತೇಲಿಸಿದೆ. ಕಹಳೆಯ ಬಾಯಿಗೆ ನೀರು ನುಗ್ಗಿ ಅದು ಕೊನೆಯದಾಗಿ ಒಮ್ಮೆ ಊದಿತು ಎಂದೂ ಬರೆದೆ. ನೀವು ಅತ್ತದ್ದು ಆ ಕಹಳೆಗೇ, ನನಗೆ ಗೊತ್ತು.

ಮೊದಲು ಹಿಡಿದವರು ಖಾದರ್ ಸಾಹೇಬರು. ಆ ದಿನ ಮೋಟಾರು ಓಡಿಸಿದವರೇ ಅವರು. ಶಿರಸಿಯ ಮೋಟಾರು ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿದರು.

‘ಅರೇ ಮಾಸ್ತರ್ ಸಾಬ್, ಅದು ಶಿಮಗಾ, ಹೋಳಿ ಹಬ್ಬದ ವಾರ. ಹೊಳೆಯಲ್ಲಿ ಮೊಣಕಾಲು ನೀರು ಇರಲಿಲ್ಲ. ನಾನು ರೇಡಿಯೇಟರಿಗೆ ಡಬ್ಬ ತುಂಬಿಸಲಿಕ್ಕೆ ಒದ್ದಾಡಿದೆ. ನೀವು ಪ್ರವಾಹ ಎಲ್ಲಿಂದ ತಂದ್ರಿ?’

‘ಬರವಣಿಗೆಯಲ್ಲಿ ಹಾಗೆಲ್ಲ ಇರ್ತದೆ ಸಾಹೇಬ್ರೇ.’

‘ಇರ್ತದಾ? ನಮ್ಮ ಮೋಟಾರಿನಲ್ಲಿ ಹಾಗೆಲ್ಲ ಇದ್ರೆ ನೀವು ಹತ್ತುತ್ತೀರಾ?’

ನಕ್ಕು ಮನೆಗೆ ಬಂದೆ. ಬಂದರೆ ಬಿಳಗಿಯಿಂದ ಕಾಗದ. ಬರೆದವರು ಶಂಭುವಿನ ಅಣ್ಣ ಸುಬ್ರಾಯಣ್ಣ. ‘ತಮ್ಮ ಲೇಖನದಿಂದ ದೊಡ್ಡ ಉಪಕಾರವಾಯಿತು. ಮುಂದಿನ ಸೋಮವಾರ ತಮ್ಮನ ಸಂಸ್ಕಾರ ಇಟ್ಟುಕೊಂಡಿದ್ದೇವೆ. ತಾವು ಬರಲೇಬೇಕು.’

ಉಪಕಾರ? ಎಂತಹ ಉಪಕಾರ?

ಮರುದಿನವೇ ಹೋದೆ. ಜಗಲಿಯಲ್ಲಿ ಪುರೋಹಿತ ಭಟ್ಟರೂ ಇದ್ದರು. ಅವರು ಬಿಡಿಸಿ ಹೇಳಿದರು. ‘ಕಾಣೆಯಾದವಂಗೆ ಹನ್ನೆರಡು ವರ್ಷ ಕಾಯವು ಮಾಸ್ತರ್ರೇ. ನೀರಲ್ಲಿ ಹೋಗಿ ಹೆಣ ಸಿಕ್ಕದೆ ಇದ್ದವಂಗೆ ಕಾಯದು ಬೇಡ. ದರ್ಭೆ ಬೊಂಬೆ ಮಾಡಿ ಸುಟ್ರೆ ಆತು. ನೀರಲ್ಲಿ ಹೋದ ಹೇಳದು ಇಷ್ಟು ದಿನ ಗೊತ್ತಿತ್ತಿಲ್ಲೆ. ಈಗ ನಿಂಗವೇ ಬರದ್ರಲ್ದಾ?’

ಅವಸರವೇನು ಎಂದು ಕೇಳಿದೆ. ಸುಬ್ರಾಯಣ್ಣ ದನಿ ತಗ್ಗಿಸಿದರು. ಶಂಭುವಿನ ಹೆಂಡತಿ ಭಾಗೀರಥಿಯ ವಿಷಯ. ಏಳು ವರ್ಷದಿಂದ ಹಣೆಗೆ ಕುಂಕುಮವಿಟ್ಟು, ಹೂ ಮುಡಿದು ಓಡಾಡುತ್ತಿದ್ದಾಳೆ. ಅರಿಶಿನ-ಕುಂಕುಮಕ್ಕೆ ಕರೆಯುವವರಿಗೆ ಸಂಕಟ. ಕರೆದರೆ? ಅವಳು ಮುತ್ತೈದೆ ಹೌದೋ ಅಲ್ಲವೋ! ಬಿಟ್ಟರೆ? ಶಂಭು ನಾಳೆ ಬಂದು ನಿಂತರೆ! ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಅವಳೆದುರು ಬಂದು ಕೈ ಹಿಂದೆ ತೆಗೆಯುತ್ತಾರಂತೆ. ಈಗ ಮನೆಯಲ್ಲಿ ಸೊಸೆಯ ಸೀಮಂತ ಬೇರೆ ಬಂದಿದೆ. ಒಂದು ಇತ್ಯರ್ಥವಾಗಬೇಕು.

ಆ ಕಡೆಗೋ ಈ ಕಡೆಗೋ ಇತ್ಯರ್ಥವಾದರೆ ಸಾಕಿತ್ತು ಇವರಿಗೆ. ಅವನು ಬದುಕಿದ್ದಾನೆ ಎಂಬ ಕಡೆಗೆ ಮಾತ್ರ ಯಾರೂ ಒಂದು ಹೆಜ್ಜೆ ಹುಡುಕಿಕೊಂಡು ಹೋಗಲಿಲ್ಲ.

‘ಸುಬ್ರಾಯಣ್ಣ, ಅದೆಲ್ಲ ಆನು ಕಲ್ಪಿಸಿ ಬರದ್ದು. ಆನು ನೋಡಿದ್ನಿಲ್ಲೆ. ಹೊಳೆಲಿ ನೀರೇ ಇತ್ತಿಲ್ಲೆಯಡ’ ಎಂದೆ.

ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. ‘ಗೆಳೆಯ ಹೋದ ದುಃಖ ನಿಂಗ್ಳ ಹತ್ರ ಹಾಂಗೆ ಹೇಳಸ್ತು’ ಎಂದರು ಭಟ್ಟರು. ‘ಪೇಪರಲ್ಲಿ ಬಂದಿದ್ದಲಾ? ಪೇಪರಲ್ಲಿ ಸುಳ್ಳು ಬರೀತ್ವಾ?’

ಈ ಸುಬ್ರಾಯಣ್ಣ ಯಾರು ಗೊತ್ತೇ? ಕರನಿರಾಕರಣೆಯಲ್ಲಿ ಜೈಲಿಗೆ ಹೋಗಿ ಬಂದವರು. ಸರಕಾರದ ಒಂದು ನೋಟೀಸನ್ನೂ ನಂಬದವರು. ನನ್ನ ಕಹಳೆಯನ್ನು ನಂಬಿದರು! ಖಾದರ್ ಸಾಹೇಬರನ್ನು ಕರೆಸಿ ಕೇಳಿ ಎಂದೆ. ‘ಮೋಟಾರಿನವನ ಮಾತಿನ ಮೇಲೆ ಶಾಸ್ತ್ರ ನಿಲ್ಸಕಾ?’ ಎಂದರು. ಕಣ್ಣಾರೆ ಕಂಡ ಮನುಷ್ಯ ಸಾಕ್ಷಿ ಅಲ್ಲ. ಕಾಣದೆ ಬರೆದ ನಾನು ಸಾಕ್ಷಿ. ನಮ್ಮ ಜನರ ಲೆಕ್ಕಾಚಾರ ಇದು.

ಕೈತೊಳೆಯಲು ಹಿತ್ತಿಲ ಕಡೆ ಹೋದಾಗ ಭಾಗೀರಥಿ ನಿಂತಿದ್ದಳು. ಕೈಯಲ್ಲಿ ಮಡಚಿದ ಪತ್ರಿಕೆ.

‘ಮಾಸ್ತರ್ರೇ, ನಿಂಗ ನೋಡಿದ್ರಾ?’

‘ಇಲ್ಲೆ.’

‘ಮತ್ತೆ ಎಂತಕ್ಕೆ ಬರದ್ದು?’

‘ಚಂದ ಕಾಣ್ತು ಹೇಳಿ’ ಎಂದುಬಿಟ್ಟೆ.

ಅವಳು ಬೈಯಲಿಲ್ಲ. ‘ಚಂದ ಇದ್ದು. ಓದಿ ಆನೂ ಅತ್ತೆ. ಅತ್ತು ಮುಗಿದ್ಮೇಲೆ ನೆನಪಾತು, ಎಂಗಳ ಮನೆಯವಕ್ಕೆ ಈಜು ಬತ್ತಿತ್ತು ಹೇಳಿ.’

ಪತ್ರಿಕೆಯನ್ನು ನನ್ನ ಕೈಗಿಟ್ಟು ಅಂದಳು: ‘ಸೋಮವಾರ ಕ್ಷೌರದವ ಬತ್ತ. ಇವು ಸತ್ತಿದ್ದು ಹೌದು ಹೇಳಿ ಗೊತ್ತಾದ್ರೆ ಆನೇ ತಲೆ ಬಗ್ಗಿಸ್ತೆ. ನಿಂಗ್ಳ ಕಥೆಗೆ ಬಗ್ಗಿಸ್ತಿಲ್ಲೆ. ಬಾಯಲ್ಲಿ ಹೇಳಿದ್ದು ಇಲ್ಲಿ ನಡೆತಿಲ್ಲೆ. ಸುಳ್ಳು ಬರದೆ ಹೇಳಿ ಪೇಪರಲ್ಲೇ ಬರೀರಿ.’

ಜಗಲಿಗೆ ಬಂದು ಕೇಳಿದೆ. ಭಟ್ಟರು ಒಪ್ಪಿದರು. ‘ಪೇಪರಲ್ಲಿ ಬಂದ್ರೆ ನಿಲ್ಸನ. ಎಂಗಕ್ಕೆ ಹಟ ಇಲ್ಲೆ.’

ಎಷ್ಟು ಸುಲಭ ನೋಡಿ! ಪತ್ರಿಕೆ ಬಿಳಗಿಗೆ ಬರುವುದು ಶುಕ್ರವಾರ. ನಾನು ಬರೆಯಬೇಕಾದದ್ದು ಒಂದೇ ಸಾಲು: ‘ಶಂಭು ಸತ್ತದ್ದನ್ನು ನಾನು ನೋಡಿಲ್ಲ, ನಾನು ಬರೆದದ್ದು ಸುಳ್ಳು.’

ಶಿರಸಿಗೆ ಬಂದು ಕುಳಿತೆ. ‘ಸುಳ್ಳು’ ಎಂಬಲ್ಲಿಗೆ ಲೇಖನಿ ನಿಂತಿತು. ಮಕ್ಕಳಿಗೆ ಸತ್ಯ ಹೇಳಿ ಎಂದು ಬೆತ್ತ ತೋರಿಸುವ ಮಾಸ್ತರು ನಾನು. ಇನ್ನು ಮುಂದೆ ನೀವು ನನ್ನನ್ನು ನಂಬುತ್ತೀರಾ? ಪೇಟೆಯಲ್ಲಿ ಏನೆಂದುಕೊಳ್ಳುತ್ತಾರೆ? ‘ಸುಳ್ಳು’ ಹೊಡೆದು ‘ಕಲ್ಪನೆ’ ಎಂದು ಬರೆದೆ. ಹಾಯೆನಿಸಿತು. ಮತ್ತೂ ತಿದ್ದಿದೆ. ಕೊನೆಗೆ ನಾನು ಕಳಿಸಿದ್ದು ಇದು:

‘ಕಳೆದ ತಿಂಗಳ ಅಂಕಣದ ಕೆಲವು ವರ್ಣನೆಗಳು ಲೇಖಕನ ಕಲ್ಪನೆಯವು. ಋತುಮಾನ, ನೀರಿನ ಪ್ರಮಾಣ ಮೊದಲಾದವುಗಳಲ್ಲಿ ವ್ಯತ್ಯಾಸವಿರಬಹುದು. ಓದುಗರು ಮನ್ನಿಸಬೇಕು.’

ಸಂಪಾದಕರು ಒಂದಕ್ಷರ ಬಿಡದೆ ಅಚ್ಚುಹಾಕಿದರು. ಅವರನ್ನು ದೂರುವಂತಿಲ್ಲ.

ಭಟ್ಟರು ಅದನ್ನು ಜಗಲಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಎರಡು ಸಲ. ‘ನೀರು ಕಡಿಮೆ ಇತ್ತು ಹೇಳಿ ತಿದ್ದಿದ್ದ. ಸತ್ತಿದ್ನಿಲ್ಲೆ ಹೇಳಿ ಎಲ್ಲಿ ಬರದ್ದ? ಕಡಿಮೆ ನೀರಲ್ಲೂ ಮನುಷ್ಯ ಸಾಯ್ತ’ ಎಂದರಂತೆ. ನ್ಯಾಯವಾಗಿ ನೋಡಿದರೆ ಅವರು ಓದಿದ್ದು ಸರಿಯಾಗಿಯೇ ಇದೆ.

ಸೋಮವಾರ ನಾನು ಹೋಗಲಿಲ್ಲ. ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದಾರೆ ಎಂದು ಹೇಳಿ ಕಳಿಸಿದೆ. (ಬರುವವರಿರಲಿಲ್ಲ.) ದರ್ಭೆಯ ಶಂಭುವನ್ನು ಸುಟ್ಟರು. ಕ್ಷೌರದವನ ಕತ್ತಿಗೆ ಭಾಗೀರಥಿ ತಲೆ ಬಗ್ಗಿಸಲಿಲ್ಲವಂತೆ. ನಾಲ್ಕು ಜನ ಹೆಂಗಸರು ಹಿಡಿಯಬೇಕಾಯಿತಂತೆ. ಅದೇ ಕುಂಕುಮದ ಬಟ್ಟಲು ಹಿಡಿದು ಸಂಕಟಪಟ್ಟವರು.

ಮೊನ್ನೆ ಹೋದೆ. ಹೋಗದೆ ನಿದ್ದೆ ಬರುತ್ತಿರಲಿಲ್ಲ. ಸುಬ್ರಾಯಣ್ಣ ಹಗುರಾಗಿದ್ದರು. ಸೀಮಂತ ಚೆನ್ನಾಗಿ ಆಯಿತಂತೆ.

‘ಅಕಸ್ಮಾತ್ ಶಂಭು ಬಂದ್ರೆ?’ ಎಂದು ಕೇಳಿದೆ.

‘ಅದಕ್ಕೂ ದಾರಿ ಇದ್ದು. ಭಟ್ಟರ ಹತ್ರ ಕೇಳಿದ್ದೆ. ಜಾತಕರ್ಮದಿಂದ ಹಿಡಿದು ಎಲ್ಲ ಹೊಸತಾಗಿ ಮಾಡದು. ಹೆಸರಿಡದು, ಮುಂಜಿ, ಎಲ್ಲ. ಮತ್ತೆ ಅದೇ ಹೆಂಡತಿಯನ್ನೇ ಇನ್ನೊಂದ್ಸಲ ಮದುವೆ ಆಪದು. ಶಾಸ್ತ್ರದಲ್ಲಿ ಎಲ್ಲದಕ್ಕೂ ದಾರಿ ಇದ್ದು ಮಾಸ್ತರ್ರೇ.’

ಒಳಗಿನ ಬಾಗಿಲ ಹಿಂದಿನಿಂದ ಭಾಗೀರಥಿಯ ದನಿ ಬಂತು. ವಿಧವೆಯರು ಉಡುವ ಕೆಂಪು ಸೀರೆಯ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು.

‘ಆ ಮದುವೆ ದಿನ ಯಂಗೆ ಹೂ ಎಲ್ಲಿ ಮುಡಿಸ್ತ್ರಿ ಹೇಳಿ ಕೇಳಿದ್ರಾ?’

ಸುಬ್ರಾಯಣ್ಣ ಕವಳದ ತಬಕು ನನ್ನ ಕಡೆ ದೂಡಿದರು. ನಾನು ಅಡಿಕೆ ಹೋಳು ಆರಿಸುತ್ತ ಕುಳಿತೆ, ಆರಿಸುತ್ತಲೇ ಕುಳಿತೆ.

ಆಗಲೇ ಬರೆಯಬೇಕಾಗಿದ್ದ ಸಾಲನ್ನು ಈಗ ಬರೆಯುತ್ತಿದ್ದೇನೆ: ಶಂಭು ಸತ್ತದ್ದನ್ನು ನಾನು ನೋಡಿಲ್ಲ, ನಾನು ಬರೆದದ್ದು ಸುಳ್ಳು. ಬಿಳಗಿಯವರು ಇದನ್ನೂ ನಂಬುತ್ತಾರೆ, ಪೇಪರಿನಲ್ಲಿ ಬಂದಿದೆಯಲ್ಲ.

ನಂಬಿದ ಮೇಲೆ, ಹೇಳಿ, ಹೂ ಎಲ್ಲಿ ಮುಡಿಸೋಣ?