ರೆಪ್ಪೆ ಬಿದ್ದ ಮೇಲೆ ಕೇಳಿದ ದನಿ

ಸತ್ತವರು ಬಂದು ಮಾತನಾಡಿಸಿದರು ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹಾಗೆ ನಗುವುದೂ ನನ್ನ ಕೆಲಸದ ಭಾಗವೆಂದೇ ತಿಳಿದಿದ್ದೆ. ಬೇರೆಯವರ ಇಂಥ ಕಥೆಗಳನ್ನು ಈಗಲೂ ಸುಲಭಕ್ಕೆ ನಂಬುವುದಿಲ್ಲ. ನನ್ನದನ್ನು ಮಾತ್ರ ಏನು ಮಾಡಬೇಕೋ ತಿಳಿಯದೆ ಇಟ್ಟುಕೊಂಡಿದ್ದೇನೆ.

ತೊಂಬತ್ತರ ದಶಕದ ಕೊನೆ. ಆಗ ನಾವು ತುಮಕೂರಿನ ಶೆಟ್ಟಿಹಳ್ಳಿಯಲ್ಲಿದ್ದೆವು. ಒಂದು ಭಾನುವಾರ ಬೆಳಿಗ್ಗೆ ಹಂಡೆ ಒಲೆಗೆ ಹಾಕಲೆಂದು ಹಿತ್ತಲಿನಲ್ಲಿದ್ದ ತೆಂಗಿನ ಮಟ್ಟೆಯ ರಾಶಿಗೆ ಕೈಹಾಕಿದೆ. ಬೆಂಕಿ ತಗುಲಿದಂತಾಯಿತು. ಕೈ ಎಳೆದುಕೊಂಡು ನೋಡಿದರೆ ನಾಗರಹಾವು ಹೆಡೆ ತಗ್ಗಿಸಿ ಕಾಂಪೌಂಡಿನತ್ತ ಸರಿದುಹೋಗುತ್ತಿತ್ತು.

ನಮ್ಮ ಯಜಮಾನರು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲೇ ಎದುರಿನ ಬಸ್ಸು ಎರಡಾಗಿ ಕಾಣತೊಡಗಿತು. ರೆಪ್ಪೆಗಳು ತಾವಾಗಿಯೇ ಇಳಿದವು. ಎಂಜಲು ನುಂಗಲಾಗಲಿಲ್ಲ, ನಾಲಿಗೆ ದಪ್ಪವಾಗಿ ಮಾತು ತೊದಲಿತು. ಇಂಜೆಕ್ಷನ್ ಕೊಟ್ಟರು, ಉಸಿರು ಎಳೆದುಕೊಳ್ಳುವುದೂ ಆಗದಾದಾಗ ಗಂಟಲಿಗೆ ಟ್ಯೂಬ್ ಹಾಕಿ ಮೆಷಿನ್‌ಗೆ ಜೋಡಿಸಿದರು. "ಪೇಷೆಂಟ್‌ಗೆ ಪ್ರಜ್ಞೆ ಇಲ್ಲ" ಎಂದು ಯಾರೋ ಅಂದರು. ನನಗೆ ಎಲ್ಲವೂ ಕೇಳಿಸುತ್ತಿತ್ತು. ಒಂದು ಬೆರಳೂ ಅಲುಗುತ್ತಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಕಳೆದಿರಬೇಕು. ಹಾಸಿಗೆಯ ಪಕ್ಕ ಸರೋಜಕ್ಕನ ದನಿ ಕೇಳಿತು. ಗುಬ್ಬಿ ಹತ್ತಿರದ ಕಡಬ ನಮ್ಮೂರು. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ, ಬೈದು, ಓದಿಸಿದವಳು ಈ ಅಕ್ಕ. ಮದುವೆಯಾಗಿ ಕುಣಿಗಲ್‌ನಲ್ಲಿದ್ದಳು.

"ಪುಟ್ಟೀ, ಬಂದೆ ಕಣೇ. ಬಸ್‌ಸ್ಟ್ಯಾಂಡಲ್ಲಿ ಚಪ್ಪಲಿ ಬೇರೆ ಕಿತ್ತೋಯ್ತು, ಬರಿಗಾಲಲ್ಲೇ ಬಂದೆ." ಅವಳ ಕೈ ನನ್ನ ಅಂಗೈಯೊಳಗೆ ಬಂತು. "ಕೇಳಿಸ್ತಾ ಐತೇನೇ? ಕೇಳಿಸಿದ್ರೆ ನನ್ ಬೆರಳು ಅದುಮೇ."

ಇದ್ದ ಶಕ್ತಿಯನ್ನೆಲ್ಲ ಆ ಬೆರಳುಗಳಿಗೆ ಸುರಿದೆ. ಅವು ಬೇರೆ ಯಾರದೋ ಎಂಬಂತೆ ಬಿದ್ದಿದ್ದವು. ಅಕ್ಕ ಸ್ವಲ್ಪ ಹೊತ್ತು ಕಾದಳು.

"ಆಗ್ಲಿ ಬುಡು, ಮಲ್ಕೋ. ನಾನು ಹೊರಡ್ತೀನಿ" ಎಂದಳು. ಕೈಯ ಬಿಸಿ ಹೋಯಿತು.

ಟ್ಯೂಬ್ ತೆಗೆದ ಮೇಲೆ ನಾನು ಮೊದಲು ಕೇಳಿದ್ದೇ "ಅಕ್ಕ ಊರಿಗೆ ಹೋದ್ಳಾ?" ಎಂದು. ಯಜಮಾನರು ಮುಖ ತಿರುಗಿಸಿದರು.

"ನಿಮ್ಮಕ್ಕ ಇಲ್ಲಿಗೆ ಬರ್ಲೇ ಇಲ್ವಲ್ಲೇ."

ಬಾಗಿಲ ಹೊರಗೆ ತಾವೇ ಕೂತಿದ್ದುದಾಗಿಯೂ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲವೆಂದೂ ಹೇಳಿದರು. ಉಳಿದದ್ದನ್ನು ಹೇಳಿದ್ದು ಮನೆಗೆ ಬಂದ ಮೇಲೆ. ಅಕ್ಕನ ಪಕ್ಕದ ಮನೆಯವರ ಫೋನಿಗೆ ಸುದ್ದಿ ಹೋದೊಡನೆ ಅವಳು ಭಾವನ ಜೊತೆ ಹೊರಟಿದ್ದಾಳೆ. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದಾಳೆ. ನಾನು ಕಣ್ಣುಬಿಡುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಅವಳ ಮುಖ ನೋಡಲಾಗಲಿಲ್ಲ.

ತಿಥಿಯಾದ ಮೇಲೆ ಭಾವ ನನ್ನನ್ನು ನೋಡಲು ಬಂದರು. ನಾನು ಏನನ್ನೂ ಕೇಳಿರಲಿಲ್ಲ, ಅವರೇ ಹೇಳಿದರು: "ಬಸ್ಸು ಹೊರಟೇಬಿಟ್ಟಿತ್ತು, ಓಡಿದ್ಲು ಕಣಮ್ಮ. ಚಪ್ಪಲಿ ಉಂಗುಷ್ಟ ಕಿತ್ತೋಯ್ತು. ಅಲ್ಲೇ ಬಿಸಾಕಿ ಬರಿಗಾಲಲ್ಲೇ ಓಡಿದ್ಲು. ಬಾಗ್ಲ ಕಂಬಿ ಹಿಡ್ಕೊಂಡ್ಲು, ಅಷ್ಟೇ."

 

ಆಮೇಲೆ ಡಾಕ್ಟರನ್ನು ಕೇಳಿದೆ. ನಾಗರಹಾವಿನ ವಿಷ ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ತಡೆಯುತ್ತದೆ, ಕಿವಿಯನ್ನೂ ಬುದ್ಧಿಯನ್ನೂ ಕೆಡಿಸುವುದಿಲ್ಲ ಎಂದರು. ಉಸಿರಿಗೆ ಕಷ್ಟವಾದಾಗ ಭ್ರಮೆಯೂ ಆಗಬಹುದಂತೆ. ಇರಬಹುದು. ಆದರೆ ಕುಣಿಗಲ್‌ನಲ್ಲಿ ಕಿತ್ತುಹೋದ ಚಪ್ಪಲಿ ತುಮಕೂರಿನಲ್ಲಿ ಮಲಗಿದ್ದವಳ ಭ್ರಮೆಯೊಳಗೆ ಹೇಗೆ ಬಂತೆಂದು ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಅಕ್ಕ ಬಂದಿದ್ದು ನಿಜವಾದರೆ, ನನಗೆ ಕೇಳಿಸಿತೆಂದು ತಿಳಿಯದೆಯೇ ಹೊರಟುಹೋದಳು. ಸುಳ್ಳಾದರೆ, ನನ್ನನ್ನು ನೋಡದೆಯೇ ಹೋದಳು. ಯಾವುದನ್ನು ನಂಬಿದರೆ ಸಂಕಟ ಕಡಿಮೆಯಾದೀತೆಂದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.