ಸದ್ದು ಬಾರದ ಸಿಡಿ

ಇದೆಲ್ಲ ಹೀಗೇ ನಡೆಯಿತೇ ಎಂದು ಕೇಳಿದರೆ ಹೌದೆನ್ನಲು ನನಗೆ ಧೈರ್ಯವಿಲ್ಲ. ಓದಿದ ಓದು ಎಲ್ಲವನ್ನೂ, ನನ್ನ ನೆನಪನ್ನೂ, ಅನುಮಾನಿಸಲು ಕಲಿಸಿದೆ. ಆದರೂ ಬಿಸಿಯೇರಿದ ಕಂಪ್ಯೂಟರಿನ ಧೂಳಿನ ವಾಸನೆ ಮೂಗಿಗೆ ತಾಗಿದರೆ ಸಾಕು, ಮೂಡಿಗೆರೆಯ ಆ ಬಾಡಿಗೆ ಮನೆಯ ಮುಂದಿನ ಕೋಣೆ ಎದ್ದು ಬರುತ್ತದೆ. ಈಗ ಅಲ್ಲಿ ಲಾಡ್ಜ್ ಇದೆ. ಅಪ್ಪ ಜಾವಳಿ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ನನಗೆ ಮೂರು ತುಂಬುವಷ್ಟರಲ್ಲಿ ಕಾಯಿಲೆಯಿಂದ ತೀರಿಕೊಂಡರು. ಮುಖಕ್ಕೆ ಫೋಟೋ ಇತ್ತು, ದನಿಗೆ ಏನೂ ಇರಲಿಲ್ಲ. ನಿಮಗೂ ಅಂಥವರೊಬ್ಬರು ಇದ್ದರೆ ಈ ಕೊರತೆ ಗೊತ್ತಿರುತ್ತದೆ. ಹಾಸಿಗೆ ಹಿಡಿದಿದ್ದಾಗ ಅವರು ಮಾತಾಡಿಟ್ಟ, ಯಾರೂ ಕೇಳಿರದ ಕ್ಯಾಸೆಟ್ಟೊಂದು ನನ್ನ ಹತ್ತನೇ ವಯಸ್ಸಿನಲ್ಲಿ ಸಿಕ್ಕಿತು. ಮಾವ ಅದನ್ನು ಚಿಕ್ಕಮಗಳೂರಿನಲ್ಲಿ ಸಿಡಿ ಮಾಡಿಸಿ ತಂದುಕೊಟ್ಟ.

ನಮ್ಮ ಕಂಪ್ಯೂಟರಿನಲ್ಲಿ ಸಿಡಿ ತಿರುಗಿತು, ಪರದೆಯ ಮೇಲೆ ಸೆಕೆಂಡುಗಳು ಓಡಿದವು, ಸ್ಪೀಕರಿನಿಂದ ಮಾತ್ರ ಉಸಿರಿಲ್ಲ. ಆಟಗಳ ಸದ್ದೆಲ್ಲ ಬರುತ್ತಿತ್ತು, ಅಪ್ಪನದೊಂದು ಇಲ್ಲ. ನಾನು ಸ್ಪೀಕರಿನ ತಿರುಪು ತಿರುಗಿಸುತ್ತಲೇ ಇದ್ದೆ. ರೇಡಿಯೋ ರಿಪೇರಿಯ ಯೂಸುಫ್ ಕಾಕ ಬಂದವರೇ ನಕ್ಕರು.

"ಅದರ ಕಿವಿ ಹಿಂಡಿದ್ದು ಸಾಕು ಬಿಡು ಮಾರಾಯ, ಪಾಪ, ಅದೆಂಥ ಮಾಡ್ತದೆ!"

ಪೆಟ್ಟಿಗೆ ಬಿಚ್ಚಿ ಅಮ್ಮನಿಗೆ ಹೇಳಿದರು: "ಸಿಡಿ ಡ್ರೈವಿಂದ ಸೌಂಡ್ ಕಾರ್ಡಿಗೆ ಒಂದು ಸಣ್ಣ ವಯರ್ ಬೇಕು ಅಕ್ಕಾ. ಜೋಡಿಸಿದವ ಹಾಕಲೇ ಇಲ್ಲ. ನಾಳೆ ತರ್ತೇನೆ. ಈಗ ಇದರಲ್ಲಿ ಕೇಳಿ." ಡ್ರೈವಿನ ಮುಂದಿನ ಸಣ್ಣ ತೂತಿಗೆ ಇಯರ್‌ಫೋನ್ ಸಿಕ್ಕಿಸಿ ಕೊಟ್ಟರು.

ಅಮ್ಮ ಅದನ್ನು ಕಿವಿಗಿಟ್ಟು ಕೇಳಿದಳು. ಅವಳ ಕೈ ಮೇಜಿನ ಅಂಚನ್ನು ಹಿಡಿದದ್ದು ನೆನಪಿದೆ. ಕಣ್ಣೀರು ಬಂತೇ, ನಾನೇ ಆಮೇಲೆ ಸೇರಿಸಿಕೊಂಡೆನೇ, ತಿಳಿಯದು. ನಾನು ಕೈಚಾಚುತ್ತಿದ್ದಂತೆ ಸಿಡಿ ಹೊರತೆಗೆದಳು.

"ಎಂಥದೂ ಇಲ್ಲ ಮಗಾ. ಬರೀ ಗುಯ್ ಅಂತದೆ."

"ಸುಳ್ಳು! ನಂಗೂ ಕೊಡು!"

ಯೂಸುಫ್ ಕಾಕ ಅವಳ ಮುಖವನ್ನೇ ನೋಡಿದರು. "ಸಿಡೀನೇ ಹಾಳಾಗಿದೆ ಮಾರಾಯ," ಎಂದು ಪೆಟ್ಟಿಗೆ ಮುಚ್ಚಿದರು. ವಯರ್ ಮರುದಿನ ಬರಲಿಲ್ಲ, ಎಂದೂ ಬರಲಿಲ್ಲ. ಅಮ್ಮನ ಮೇಲಿನ ಸಿಟ್ಟು ಮಾತ್ರ ನನ್ನಲ್ಲಿ ಬಹಳ ಕಾಲ ಉಳಿಯಿತು.

ಕಳೆದ ವರ್ಷ ಅಮ್ಮನೂ ಹೋದಳು. ಅವಳ ಬೀರುವಿನಲ್ಲಿ ಸಿಡಿ ಇತ್ತು. ಹಳೆಯ ಡ್ರೈವೊಂದನ್ನು ಹುಡುಕಿ ತಂದು ಹಾಕಿದೆ. ಗುಯ್ ಅನ್ನುವ ಸದ್ದು ಅದರಲ್ಲಿಲ್ಲ. ಗಂಡಸೊಬ್ಬ ಅಳುತ್ತಿದ್ದಾನೆ. ನಡುವೆ ಎರಡೇ ಮಾತು, ನಾನು ಮತ್ತೆ ಮತ್ತೆ ಹಾಕಿ ಖಚಿತಪಡಿಸಿಕೊಂಡಿದ್ದೇನೆ: "ನಂಗೆ ಹೆದರಿಕೆ ಆಗ್ತದೆ ಕಣೇ. ಮಗನಿಗೆ ಹೇಳ್ಬೇಡ."